ತಂಗಿಯ ಮೈಟ್ರಲ್ ವಾಲ್ವ್: ಬಲೂನ್ ಮಾಡಿಸುವುದೋ, ಆಪರೇಷನ್ನೇ ಮಾಡಿಸುವುದೋ?

ಅರಕಲಗೂಡಿನವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ 29 ವರ್ಷ. ಮದುವೆಯಾಗಿ ಸಕಲೇಶಪುರದ ಕಡೆ ಇದ್ದಾಳೆ. ನಾಲ್ಕು ವರ್ಷದ ಒಬ್ಬಳು ಮಗಳಿದ್ದಾಳೆ. ಆ ಬಸುರಿನ ಆರನೆಯ ತಿಂಗಳಿನಲ್ಲಿಯೇ ಅವಳಿಗೆ ಉಬ್ಬಸ ಶುರುವಾಗಿತ್ತು. ಆಗ ತೋರಿಸಿದ ನರ್ಸಿಂಗ್ ಹೋಮಿನಲ್ಲಿ ಆಸ್ತಮಾ ಎಂದು ಹೇಳಿ ಇನ್ಹೇಲರ್ ಕೊಟ್ಟರು, ನಾವೂ ಇಷ್ಟು ವರ್ಷ ಅದನ್ನೇ ನಂಬಿಕೊಂಡು ಕುಳಿತೆವು. ಕಳೆದ ತಿಂಗಳು ನಮ್ಮ ಮನೆಗೆ ಬಂದಿದ್ದಾಗ ಹಿತ್ತಿಲಿನಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಕಡೆ ಕೊಡ ಇಳಿಸಿ ನಿಂತಳು. ರಾತ್ರಿ ಎರಡು ದಿಂಬು ಒಟ್ಟಿಕೊಂಡರೂ ಮಲಗಲಾಗದೆ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದಳು.

ಹಾಸನದಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ, ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಕಿರಿದಾಗಿದೆ, ಅದರ ಬಾಯಿ 0.9 ಚದರ ಸೆಂಟಿಮೀಟರ್ ಮಾತ್ರ ಇದೆ, ಸ್ಕೋರ್ 7, ಸೋರಿಕೆ ಅಲ್ಪ ಎಂದು ವರದಿ ಬಂತು. ಎದೆಬಡಿತವೂ ಕ್ರಮ ತಪ್ಪಿದೆಯಂತೆ. ಮೈಸೂರಿಗಾಗಲಿ ಬೆಂಗಳೂರಿಗಾಗಲಿ ಹೋಗಿ, ಎದೆ ಕೊಯ್ಯದೆ ವಾಲ್ವ್ ಅಗಲಿಸುವ ಬಲೂನ್ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಆದರೆ ತಂಗಿಯ ಗಂಡನ ಮನೆಯ ಹಿರಿಯರು, ಬಲೂನ್ ಎಂಬುದು ಹೊಸ ಪ್ರಯೋಗ, ನಾಲ್ಕು ದಿನಕ್ಕೆ ಮತ್ತೆ ಮುಚ್ಚಿಕೊಳ್ಳುತ್ತದೆ, ಖರ್ಚಾದರೂ ಆಗಲಿ ಒಂದೇ ಸಲಕ್ಕೆ ಹೊಸ ವಾಲ್ವ್ ಹಾಕಿಸಿಬಿಡೋಣ ಎನ್ನುತ್ತಿದ್ದಾರೆ. ಇನ್ನೊಂದು ಮಗು ಬೇಕೆಂಬ ಆಸೆಯೂ ಅವರಿಗಿದೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ಮಾಡಬೇಕು.

ನಿವೃತ್ತ ಸಿಸ್ಟರ್, ಹಾಸನ

ನಾನು ಕ್ಯಾತ್ ಲ್ಯಾಬಿನಲ್ಲಿ (ರಕ್ತನಾಳದ ಮೂಲಕ ನಳಿಕೆ ತೂರಿಸಿ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆ) ಹದಿನೇಳು ವರ್ಷ ಕೆಲಸ ಮಾಡಿದವಳು. ವೈದ್ಯಳಲ್ಲ, ನೋಡಿ ತಿಳಿದದ್ದನ್ನು ಬರೆಯುತ್ತೇನೆ. ನಿಮ್ಮ ತಂಗಿಯ ವಯಸ್ಸಿನ ಹೆಣ್ಣುಮಕ್ಕಳೇ ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತಿದ್ದರು, ಅವರಲ್ಲಿ ಅನೇಕರ ಚೀಲದಲ್ಲಿ ಇನ್ಹೇಲರ್ ಇರುತ್ತಿತ್ತು.

ಆರೋಗ್ಯವಾಗಿರುವ ಮೈಟ್ರಲ್ ವಾಲ್ವಿನ ಬಾಯಿ ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. 1.5ಕ್ಕಿಂತ ಕೆಳಗಿಳಿದರೆ ತೀವ್ರ ಎಂದೇ ಲೆಕ್ಕ. ಬಾಲ್ಯದಲ್ಲಿ ಗಂಟಲುನೋವು ಬಂದು, ಅದರ ಬೆನ್ನಿಗೇ ಜ್ವರ ಮತ್ತು ಕೀಲುನೋವು ಕಾಣಿಸಿಕೊಂಡು ಹೋಗಿರುತ್ತದೆ. ಬಹಳ ಮಂದಿಗೆ ಅದರ ನೆನಪೂ ಇರುವುದಿಲ್ಲ. ಆ ರುಮ್ಯಾಟಿಕ್ ಜ್ವರದ ಪೆಟ್ಟಿನಿಂದ ವಾಲ್ವಿನ ಎರಡು ಹಾಳೆಗಳ ಅಂಚುಗಳು ವರ್ಷಗಳು ಕಳೆದಂತೆ ಎರಡೂ ಮೂಲೆಗಳಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಎಕೋದಲ್ಲಿ ನೋಡಿದರೆ ಮೀನಿನ ಬಾಯಿಯಂತೆ ಕಾಣುತ್ತದೆ. ಶ್ವಾಸಕೋಶದಿಂದ ಬಂದ ರಕ್ತ ಕೆಳಗಿನ ಕೋಣೆಗೆ ಇಳಿಯಲಾರದೆ ಹಿಂದಕ್ಕೇ ತುಂಬಿಕೊಳ್ಳುವುದರಿಂದ ಉಬ್ಬಸ ಬರುತ್ತದೆ. ಬಸುರಿನಲ್ಲಿ ಮೈಯ ರಕ್ತವೂ ನಾಡಿಯ ವೇಗವೂ ಹೆಚ್ಚುವುದರಿಂದ, ಅಲ್ಲಿಯವರೆಗೆ ಅಡಗಿದ್ದ ಕಾಯಿಲೆ ಆಗಲೇ ಹೊರಗೆ ಬರುತ್ತದೆ.

ಈಗ ಬಲೂನಿನ ವಿಷಯ. ಬಲಗಡೆಯ ತೊಡೆಸಂದಿನ ರಕ್ತನಾಳದಿಂದ ತೆಳುವಾದ ನಳಿಕೆಯೊಂದನ್ನು ಹೃದಯದ ಬಲಗಡೆಯ ಮೇಲ್ಕೋಣೆಗೆ ಏರಿಸಿ, ಎರಡು ಮೇಲ್ಕೋಣೆಗಳ ನಡುವಿನ ಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಗಡೆಗೆ ದಾಟಿಸುತ್ತಾರೆ. ಮಡಿಸಿಟ್ಟ ಬಲೂನು ಆ ದಾರಿಯಲ್ಲಿ ಹೋಗಿ ವಾಲ್ವಿನ ಬಾಯಿಗೆ ಸೇರುತ್ತದೆ. ಮೊದಲು ಅದರ ಮುಂಭಾಗ ಉಬ್ಬುತ್ತದೆ, ಅದನ್ನು ಹಿಂದಕ್ಕೆಳೆದು ವಾಲ್ವಿಗೆ ಆನಿಸಿದ ಮೇಲೆ ಹಿಂಭಾಗ ಉಬ್ಬುತ್ತದೆ. ಆ ಕ್ಷಣ ಪರದೆಯ ಮೇಲೆ ಅದು ನಡು ಬಿಗಿದ ಡಮರುಗದಂತೆ ಕಾಣುತ್ತದೆ. ಕೊನೆಗೆ ಆ ನಡುವೂ ಪಟ್ಟನೆ ಉಬ್ಬಿದಾಗ ಬೆಸೆದುಕೊಂಡಿದ್ದ ಅಂಚುಗಳು ಬಿಟ್ಟುಕೊಳ್ಳುತ್ತವೆ. ಇಷ್ಟಕ್ಕೆ ಹಿಡಿಯುವುದು ಕೆಲವೇ ಸೆಕೆಂಡು. ಕೂಡಲೇ ಬಲೂನಿನ ಗಾಳಿ, ಅಂದರೆ ಅದರೊಳಗಿನ ಬಣ್ಣದ ದ್ರವವನ್ನು ಎಳೆದುಕೊಂಡು ಹೊರಗೆ ತೆಗೆಯುತ್ತಾರೆ. ಬಲೂನನ್ನು ಒಳಗೆ ಬಿಟ್ಟು ಬರುವುದಿಲ್ಲ, ಆದ್ದರಿಂದ ಇಳಿದುಹೋಗುವ ಪ್ರಶ್ನೆಯೇ ಇಲ್ಲ. ಅದರ ಅಳತೆಯನ್ನು ರೋಗಿಯ ಎತ್ತರ ನೋಡಿ ಆರಿಸುತ್ತಾರೆ: 160 ಸೆಂಟಿಮೀಟರ್ ಎತ್ತರದವರಿಗೆ ಸಾಮಾನ್ಯವಾಗಿ 26 ಮಿಲಿಮೀಟರಿನದು. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಒಬ್ಬ ತಾಯಿ ಮೇಜಿನ ಮೇಲೆ ಮಲಗಿದ್ದಂತೆಯೇ, ಎದೆಯ ಮೇಲಿನ ಕಲ್ಲು ಯಾರೋ ಎತ್ತಿದ ಹಾಗಾಯಿತು ಸಿಸ್ಟರ್ ಎಂದದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಎಲ್ಲರಿಗೂ ಇದು ಆಗುವುದಿಲ್ಲ. ಸ್ಕೋರ್ ಎಂದು ಬರೆದಿದ್ದಾರಲ್ಲ, ಅದು ಹಾಳೆಗಳ ಚಲನೆ, ದಪ್ಪ, ಸುಣ್ಣದ ಅಂಶ, ಹಾಳೆಗಳನ್ನು ಕೆಳಗಿನಿಂದ ಹಿಡಿದಿರುವ ಎಳೆಗಳ ಸ್ಥಿತಿ ಎಂಬ ನಾಲ್ಕಕ್ಕೆ ಒಂದರಿಂದ ನಾಲ್ಕರವರೆಗೆ ಕೊಟ್ಟ ಅಂಕಗಳ ಮೊತ್ತ. ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವಾಲ್ವ್ ಬಲೂನಿಗೆ ಒಗ್ಗುತ್ತದೆ ಎಂದರ್ಥ. ಏಳು ಒಳ್ಳೆಯ ಅಂಕವೇ. ಸೋರಿಕೆ ಹೆಚ್ಚಿದ್ದರೆ ಬಲೂನ್ ಮಾಡುವುದಿಲ್ಲ, ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ ಮಾಡುವುದಿಲ್ಲ. ಬಡಿತ ಕ್ರಮ ತಪ್ಪಿದೆ ಎಂದಿರುವುದರಿಂದ ಗಂಟಲಿನ ಮೂಲಕ ಮಾಡುವ ಟಿಇಇ ಪರೀಕ್ಷೆ ಆಗಲೇಬೇಕು. ಹೆಪ್ಪು ಹೆಚ್ಚಾಗಿ ಕಿವಿಯಂಥ ಒಂದು ಮೂಲೆಯ ಚೀಲದಲ್ಲಿ ಕುಳಿತಿರುತ್ತದೆ, ಎದೆಯ ಮೇಲಿನಿಂದ ಮಾಡುವ ಎಕೋಗೆ ಅದು ಸುಲಭವಾಗಿ ಸಿಗುವುದಿಲ್ಲ. ಅಪಾಯವೇ ಇಲ್ಲವೆಂದೂ ನಾನು ಹೇಳಲಾರೆ. ಅಂಚಿನ ಬದಲು ಹಾಳೆಯೇ ಹರಿದು ಸೋರಿಕೆ ಜೋರಾಗಿ, ತುರ್ತಾಗಿ ಆಪರೇಷನ್ ಮಾಡಬೇಕಾದ ಸಂದರ್ಭಗಳನ್ನು ನೋಡಿದ್ದೇನೆ. ಅವು ವಿರಳ, ಆದರೆ ಇವೆ. ಅದಕ್ಕಾಗಿಯೇ ಹೃದಯ ಶಸ್ತ್ರಚಿಕಿತ್ಸೆಯ ಸೌಕರ್ಯವೂ ಇರುವಲ್ಲಿಗೆ ಕರೆದುಕೊಂಡು ಹೋಗಿ.

ಮೂಡಿಗೆರೆ ಮೇಷ್ಟ್ರು

ಸಿಸ್ಟರ್ ಅವರು ಬರೆದದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನನ್ನ ಪತ್ನಿಗೆ ಎರಡೂ ಆಗಿವೆ: 2004ರಲ್ಲಿ ಬಲೂನ್, 2019ರಲ್ಲಿ ಆಪರೇಷನ್.

ಮೊದಲಿಗೆ, ಇದು ಹೊಸ ಪ್ರಯೋಗವೆಂಬ ಹಿರಿಯರ ಆತಂಕದ ಬಗ್ಗೆ. 1925ರಲ್ಲಿಯೇ ಲಂಡನ್ನಿನ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯರು ಮೇಲ್ಕೋಣೆಯ ಅದೇ ಚೀಲವನ್ನು ಕೊಯ್ದು, ಮಿಡಿಯುತ್ತಿದ್ದ ಹೃದಯದೊಳಕ್ಕೆ ತಮ್ಮ ಬೆರಳನ್ನೇ ತೂರಿಸಿ ಒಬ್ಬ ಹುಡುಗಿಯ ಮೈಟ್ರಲ್ ವಾಲ್ವನ್ನು ಬಿಡಿಸಿದ್ದರು. ಆ ಹುಡುಗಿ ಬದುಕಿದಳು, ಆದರೆ ಆ ಕ್ರಮವನ್ನು ಮತ್ತೆ ಕೈಗೆತ್ತಿಕೊಳ್ಳಲು 1948ರವರೆಗೆ ಕಾಯಬೇಕಾಯಿತು. ಆಮೇಲೆ ನಮ್ಮ ದೇಶದಲ್ಲಿಯೂ ಪಕ್ಕೆಯ ಮೂಲಕ ವಾಲ್ವ್ ಬಿಡಿಸುವ ಆಪರೇಷನ್ ದಶಕಗಳ ಕಾಲ ನಡೆಯಿತು. ಜಪಾನಿನ ಕಾಂಜಿ ಇನೋವೆ 1982ರಲ್ಲಿ ತಮ್ಮ ಬಲೂನಿನಿಂದ ಮಾಡಿದ್ದೂ ಅದೇ ಕೆಲಸ. ಬೆರಳಿನ ಜಾಗಕ್ಕೆ ಬಲೂನು ಬಂತು, ಪಕ್ಕೆ ಕೊಯ್ಯುವುದು ತಪ್ಪಿತು. ನಾಲ್ಕು ದಶಕ ದಾಟಿದ ಚಿಕಿತ್ಸೆಯನ್ನು ಹೊಸದೆನ್ನುವುದು ಸರಿಯಲ್ಲ. ಬೆಂಗಳೂರಿನ ಜಯದೇವ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾದದ್ದು, ಅದರ ಶಾಖೆ ಮೈಸೂರಿನಲ್ಲಿಯೂ ಇದೆ.

ಇನ್ನು, ಮತ್ತೆ ಮುಚ್ಚಿಕೊಳ್ಳುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ನನ್ನ ಪತ್ನಿಗೆ ಬಲೂನಿನಿಂದ 1.8 ಆಗಿದ್ದ ಬಾಯಿ ಹದಿನೈದು ವರ್ಷಗಳಲ್ಲಿ ಮತ್ತೆ ಒಂದಕ್ಕಿಳಿಯಿತು, ಅಷ್ಟರಲ್ಲಿ ಸುಣ್ಣವೂ ಕಟ್ಟಿತ್ತು. ಆದರೆ ಆ ಹದಿನೈದು ವರ್ಷಗಳಲ್ಲಿಯೇ ಇಬ್ಬರು ಮಕ್ಕಳು ಹುಟ್ಟಿದರು, ಬೆಳೆದರು. ಮೊದಲೇ ಲೋಹದ ವಾಲ್ವ್ ಹಾಕಿಸಿದ್ದರೆ ಆ ಎರಡು ಬಾಣಂತನಗಳು ಎಷ್ಟು ಕಷ್ಟವಾಗುತ್ತಿದ್ದವು ಎಂಬುದು ಈಗ ತಿಳಿಯುತ್ತಿದೆ: ಲೋಹದ ವಾಲ್ವಿಗೆ ರಕ್ತ ತೆಳುವಾಗಿಸುವ ಅಸಿಟ್ರಾಮ್‌ನಂಥ ಮಾತ್ರೆ ಜೀವನಪರ್ಯಂತ ಬೇಕು, ಆ ಮಾತ್ರೆ ಬಸುರಿನ ಮೊದಲ ತಿಂಗಳುಗಳಲ್ಲಿ ಕೂಸಿಗೆ ಕೆಡುಕು ಮಾಡಬಲ್ಲದು, ನಿಲ್ಲಿಸಿದರೆ ವಾಲ್ವಿನ ಮೇಲೆ ಹೆಪ್ಪು ಕೂರುತ್ತದೆ. ಪ್ರಾಣಿಗಳ ಅಂಗಾಂಶದಿಂದ ಮಾಡಿದ ವಾಲ್ವಿಗೆ ಈ ತೊಡಕು ಕಡಿಮೆ, ಆದರೆ ಚಿಕ್ಕ ವಯಸ್ಸಿನವರಲ್ಲಿ ಅದು ಬೇಗ ಸವೆಯುತ್ತದೆ, ಎರಡನೆಯ ಸಲ ಎದೆ ತೆರೆಯಬೇಕಾಗುತ್ತದೆ. ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಯೊಂದು ಇದೆ ಎಂಬುದೇ ತಪ್ಪು ಕಲ್ಪನೆ.

ಸ್ವಂತ ವಾಲ್ವನ್ನೇ ರಿಪೇರಿ ಮಾಡುವ ಆಪರೇಷನ್ನೂ ಉಂಟು. ಬಳೆಯಂಥ ಉಂಗುರ ಹೊಲಿದು, ಎಳೆಗಳನ್ನು ಸರಿಪಡಿಸುವ ಈ ವಿದ್ಯೆಯನ್ನು ಬೆಳೆಸಿದವರು ಫ್ರಾನ್ಸಿನ ಅಲೆನ್ ಕಾರ್ಪೆಂಟಿಯರ್. ನಾವೂ ಅದನ್ನೇ ಕೇಳಿದೆವು. ಸಡಿಲಗೊಂಡು ಸೋರುವ ವಾಲ್ವಿನಲ್ಲಿ ಅದು ಚೆನ್ನಾಗಿ ಕೂರುತ್ತದೆ, ಇವರ ವಾಲ್ವ್ ದಪ್ಪಗಾಗಿ ಮುದುಡಿಕೊಂಡಿದೆ, ಹೊಲಿದರೂ ಬಾಳಿಕೆ ಬರುವುದಿಲ್ಲ ಎಂದು ಶಸ್ತ್ರವೈದ್ಯರು ತಿಳಿಸಿದರು. ಈಗ ರಾತ್ರಿ ನಿಶ್ಶಬ್ದವಾದಾಗ ಪಕ್ಕದಲ್ಲಿ ಮಲಗಿದ ನನಗೆ ಅವಳ ಲೋಹದ ವಾಲ್ವಿನ ಟಿಕ್ ಟಿಕ್ ಕೇಳಿಸುತ್ತದೆ. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕ ಅವಳಿಗೆ 2.5ರಿಂದ 3.5ರ ನಡುವೆ ಇರಬೇಕು. ಸೊಪ್ಪು ತಿನ್ನಲೇಬಾರದೆಂದು ಯಾರೋ ಹೆದರಿಸಿದ್ದರು; ಹಾಗೇನಿಲ್ಲ, ಒಂದು ವಾರ ದಿನವೂ ಸೊಪ್ಪಿನ ಬಸ್ಸಾರು, ಮರುವಾರ ಒಂದು ಎಲೆಯೂ ಇಲ್ಲ ಎಂಬಂತೆ ಆಗಬಾರದು, ಅಷ್ಟೇ.

ಹೊಳೆನರಸೀಪುರ_88

ಈಚೆಗೆ ಎದೆ ಕೊಯ್ಯದೆ ವಾಲ್ವಿಗೆ ಕ್ಲಿಪ್ ಹಾಕುತ್ತಾರೆಂದು ಪತ್ರಿಕೆಯಲ್ಲಿ ಓದಿದೆ. ಅದನ್ನು ಏಕೆ ಕೇಳಬಾರದು? ಹಾಗೆಯೇ ರಕ್ತ ತೆಳುವಾಗಿಸಲು, ಐಎನ್‌ಆರ್ ಪರೀಕ್ಷೆಯ ಗೊಡವೆಯಿಲ್ಲದ ಹೊಸ ಮಾತ್ರೆಗಳೂ ಬಂದಿವೆಯಲ್ಲ?

ನಿವೃತ್ತ ಸಿಸ್ಟರ್, ಹಾಸನ

ಎರಡೂ ಇವರಿಗೆ ಹೊಂದುವುದಿಲ್ಲ. ಕ್ಲಿಪ್ ಇರುವುದು ಸೋರುವ ವಾಲ್ವಿಗೆ. ಎರಡು ಹಾಳೆಗಳನ್ನು ನಡುವೆ ಹಿಡಿದು ಕೂಡಿಸುವ ಸಾಧನವದು. ಮೊದಲೇ ಕಿರಿದಾದ ಬಾಯಿಗೆ ಅದನ್ನು ಹಾಕಿದರೆ ಇನ್ನಷ್ಟು ಕಿರಿದಾಗುತ್ತದೆ. ಹೊಸ ಮಾತ್ರೆಗಳ ವಿಷಯದಲ್ಲಿಯೂ, ರುಮ್ಯಾಟಿಕ್ ವಾಲ್ವ್ ಕಾಯಿಲೆಯ ಜೊತೆ ಬಡಿತ ಕ್ರಮ ತಪ್ಪಿದವರಲ್ಲಿ ಅಸಿಟ್ರಾಮ್‌ನಂಥ ಹಳೆಯ ಬಗೆಯ ಮಾತ್ರೆಯೇ ಮೇಲು ಎಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ.

ಹಿಂದೆ ಬರೆಯಲು ಮರೆತದ್ದು: ಬಲೂನ್ ಆಗಲಿ ಆಪರೇಷನ್ ಆಗಲಿ, ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ 12 ಲಕ್ಷ ಯೂನಿಟ್ಟಿನ ಪೆನಿಸಿಲಿನ್ ಇಂಜೆಕ್ಷನ್ ಮುಂದುವರಿಯಬೇಕು. ಕನಿಷ್ಠ 40 ವರ್ಷ ವಯಸ್ಸಿನವರೆಗೂ ಬೇಕೆಂದು ಹೇಳುತ್ತಾರೆ. ರುಮ್ಯಾಟಿಕ್ ಜ್ವರ ಮರುಕಳಿಸಿದರೆ ಬಿಡಿಸಿದ ವಾಲ್ವ್ ಮತ್ತೆ ಪೆಟ್ಟು ತಿನ್ನುತ್ತದೆ. ಸುಣ್ಣದ ತಿಳಿಯಂಥ ಬಿಳಿ ಔಷಧ ಅದು, ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ನೋವೂ ಹೆಚ್ಚು. ಆ ನೋವಿಗೇ ಹೆದರಿ ಅರ್ಧದಲ್ಲಿ ಬಿಡುವವರು ಬಹಳ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ; ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮಾಡಿಸಿಕೊಂಡೇ ಹೊರಡಿ.

ಅರಕಲಗೂಡಿನವ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಬರೆದದ್ದನ್ನು ತಂಗಿಯ ಮಾವನವರಿಗೆ ಓದಿ ಹೇಳಿದೆ. ಬೆರಳು ತೂರಿಸಿದ ಸಂಗತಿಯನ್ನು ಎರಡು ಸಲ ಓದಿಸಿಕೊಂಡರು, ಆಮೇಲೆ ಬಲೂನಿಗೆ ಒಪ್ಪಿದರು.

ಮೈಸೂರಿನಲ್ಲಿ ಟಿಇಇ ಮಾಡಿದಾಗ ಸಿಸ್ಟರ್ ಹೇಳಿದ ಚೀಲದಲ್ಲಿಯೇ ಸಣ್ಣ ಹೆಪ್ಪೊಂದು ಕಂಡುಬಂದಿದೆ. ಆದ್ದರಿಂದ ಬಲೂನನ್ನು ಮುಂದಕ್ಕೆ ಹಾಕಿ, ಅಸಿಟ್ರಾಮ್, ನಾಡಿಯ ವೇಗ ತಗ್ಗಿಸುವ ಮಾತ್ರೆ, ಮೂತ್ರ ಹೋಗಿಸಿ ಮೈಯ ನೀರು ಇಳಿಸುವ ಮಾತ್ರೆ ಕೊಟ್ಟಿದ್ದಾರೆ. ಮೂರು ತಿಂಗಳ ಬಳಿಕ ಮತ್ತೆ ಟಿಇಇ. ಕರಗಿದ್ದರೆ ಬಲೂನ್, ಕರಗದಿದ್ದರೆ ಎದೆ ತೆರೆದು, ಹೆಪ್ಪು ತೆಗೆದು, ಅದೇ ಸಲ ವಾಲ್ವಿಗೂ ಕೈ ಹಾಕಬೇಕಾಗುತ್ತದೆ ಎಂದಿದ್ದಾರೆ. ಅಲ್ಲಿಯವರೆಗೆ ಬಸುರಾಗಕೂಡದೆಂದು ಅವಳಿಗೂ ಅವಳ ಗಂಡನಿಗೂ ಒಟ್ಟಿಗೆ ಕೂರಿಸಿಯೇ ಹೇಳಿದರು. ಐಎನ್‌ಆರ್ ಮೊದಲ ವಾರ 1.4 ಇತ್ತು, ಈಗ 2.3ಕ್ಕೆ ಬಂದಿದೆ. ಈ ವಾರದಿಂದ ಒಂದೇ ದಿಂಬಿನ ಮೇಲೆ ಮಲಗುತ್ತಿದ್ದಾಳೆ. ಸಕಲೇಶಪುರದ ಆಸುಪಾಸಿನಲ್ಲಿ ವಾರಕ್ಕೊಮ್ಮೆ ಐಎನ್‌ಆರ್ ನೋಡುವ ಲ್ಯಾಬ್ ಯಾವುದೆಂದು ಬಲ್ಲವರು ತಿಳಿಸಿದರೆ, ಪ್ರತಿ ಸಲ ಹಾಸನಕ್ಕೆ ಬರುವುದು ತಪ್ಪುತ್ತದೆ.