9.9 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್: ತಣ್ಣಗಿದ್ದಾಗ ಸ್ಟಾರ್ಟ್ ಆಗೋದೇ ಕಷ್ಟ, ಬಿಸಿಯಾದ ಮೇಲೆ ಒಂದೇ ಎಳೆತ

ತೇಲುಮರ (ಪ್ರಶ್ನೆ)

ಎರಡು ಸಿಲಿಂಡರ್, ಒಂದು ಕಾರ್ಬೊರೇಟರ್, ಹಗ್ಗ ಎಳೆದು ಸ್ಟಾರ್ಟ್ ಮಾಡುವ ದೋಣಿ ಎಂಜಿನ್. ಟ್ಯಾಂಕ್ ಬೇರೆ, ನಡುವೆ ಕೈಯಲ್ಲಿ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಬಲ್ಬ್ ಇರುವ ಪೈಪ್. ಕೆಲವು ತಿಂಗಳು ಸುಮ್ಮನೆ ನಿಂತಿತ್ತು. ಈಗ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಬೇಕೆಂದರೆ ರಟ್ಟೆ ಸೋಲುವ ತನಕ ಎಳೆಯಬೇಕು. ಹೇಗೋ ಹಿಡಿದುಕೊಂಡ ಮೇಲೆ ಫುಲ್ ರೇಸ್‌ನಲ್ಲಿ ಏನೂ ತೊಂದರೆ ಇಲ್ಲ. ಐಡ್ಲಿಂಗ್‌ಗೆ ಬಂದರೆ ಮುಕ್ಕರಿಸಿ ಆಫ್ ಆಗುತ್ತದೆ, ಚೋಕ್ ಅರ್ಧ ಎಳೆದಿಟ್ಟರೆ ಮಾತ್ರ ನಿಲ್ಲುತ್ತದೆ. ಪ್ಲಗ್ ಎರಡೂ ಹೊಸದು (ಬಿ7ಎಚ್ಎಸ್-10, ಗ್ಯಾಪ್ 1.0 ಮಿ.ಮೀ). ಪೆಟ್ರೋಲ್‌ಗೆ ಬೆರೆಸುವ ಆಯಿಲ್ ಅಳತೆ 50:1. ಕಿಡಿ ಕೊಡುವ ಕಾಯಿಲ್ ಬದಲಿಸಿ ಅಂತ ಒಬ್ಬರು, ಕಾರ್ಬೊರೇಟರನ್ನೇ ಬದಲಿಸಿ ಅಂತ ಇನ್ನೊಬ್ಬರು. ಊಹೆಯ ಮೇಲೆ ಸಾಮಾನು ಕೊಳ್ಳುವ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ಹುಟ್ಟುಗೋಲು

ಪಾನಾ ಕೈಗೆತ್ತಿಕೊಳ್ಳುವ ಮೊದಲು ನೋಡಬೇಕಾದದ್ದು: ಸ್ಟಾಪ್ ಸ್ವಿಚ್‌ನ ಕ್ಲಿಪ್ ಪೂರ್ತಿ ಕೂತಿದೆಯಾ, ಗೇರ್ ನ್ಯೂಟ್ರಲ್‌ನಲ್ಲಿದೆಯಾ, ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಬಿಚ್ಚಿದೆಯಾ. ಆ ಸ್ಕ್ರೂ ಮುಚ್ಚಿದ್ದರೆ ಟ್ಯಾಂಕ್ ಒಳಗೆ ನಿರ್ವಾತ ಕಟ್ಟಿಕೊಂಡು ಪೆಟ್ರೋಲ್ ಬರುವುದೇ ನಿಲ್ಲುತ್ತದೆ. ಬಲ್ಬನ್ನು ಬಾಣದ ಗುರುತು ಮೇಲಕ್ಕೆ ಬರುವಂತೆ ಹಿಡಿದು ಒತ್ತಬೇಕು, ಒಳಗಿನ ವಾಲ್ವ್‌ಗಳು ಆಗ ಸರಿಯಾಗಿ ಕೂರುತ್ತವೆ. ಕಲ್ಲಿನಂತೆ ಗಟ್ಟಿಯಾಗುವ ತನಕ ಒತ್ತಿ, ನಿಲ್ಲಿಸಿ.

ಇದೆಲ್ಲ ಸರಿ ಇದ್ದೂ ಹತ್ತುತ್ತಿಲ್ಲವಾದರೆ, ಚೋಕ್ ಹಾಕಿ ಐದಾರು ಸಲ ಎಳೆದು ಕೂಡಲೇ ಎರಡೂ ಪ್ಲಗ್ ಬಿಚ್ಚಿ ತುದಿ ನೋಡಿ. ಇಡೀ ರಿಪೇರಿ ಈ ಒಂದು ನೋಟದಲ್ಲಿ ಎರಡು ದಾರಿಯಾಗುತ್ತದೆ.

ತುದಿ ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ಮುಟ್ಟುತ್ತಿಲ್ಲ. ಪೈಪ್, ಬಲ್ಬ್, ಪಂಪ್, ಜೆಟ್ ಕಡೆ ಹೋಗಿ. ತುದಿ ತೊಯ್ದಿದ್ದರೆ ಪೆಟ್ರೋಲ್ ಬಂದಿದೆ, ಉರಿಯುತ್ತಿಲ್ಲ: ಕರೆಂಟ್, ಕಂಪ್ರೆಷನ್, ಇಲ್ಲವೇ ಓವರ್‌ಫ್ಲೋ (ಪೆಟ್ರೋಲ್ ಅತಿಯಾಗಿ ತುಂಬಿರುವುದು). ಓವರ್ ಆಗಿದ್ದರೆ ಪ್ಲಗ್ ಒರೆಸಿ, ಚೋಕ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಎಳೆಯಿರಿ, ಹತ್ತಿದ ಕ್ಷಣವೇ ಥ್ರಾಟಲ್ ಇಳಿಸಿ. ಒಂದು ಒಣಗಿ ಇನ್ನೊಂದು ತೊಯ್ದಿದ್ದರೆ ಕಾರ್ಬೊರೇಟರನ್ನು ಮೊದಲು ಬೈಯಬೇಡಿ, ಅದು ಎರಡಕ್ಕೂ ಒಂದೇ.

ಕಂಪ್ರೆಷನ್‌ಗೆ ಎರಡೂ ಪ್ಲಗ್ ತೆಗೆದು, ಪ್ಲಗ್ ವೈರ್‌ಗಳನ್ನು ಬ್ಲಾಕ್‌ಗೆ ಅರ್ಥ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಗೇಜ್ ಮುಳ್ಳು ಏರುವುದು ನಿಲ್ಲುವ ತನಕ ಎಳೆಯಿರಿ. ನ್ಯೂಟ್ರಲ್‌ನಲ್ಲಿ ಹ್ಯಾಂಡಲ್ ಪೂರ್ತಿ ತಿರುಗದಿದ್ದರೆ ಕಾರ್ಬೊರೇಟರ್ ಪಕ್ಕದ ಲಿವರನ್ನೇ ಕೈಯಲ್ಲಿ ತೆರೆದು ಹಿಡಿಯಿರಿ. ಈ ಗಾತ್ರದ ಎಂಜಿನ್‌ಗಳಲ್ಲಿ 90ರಿಂದ 120 ಪಿಎಸ್‌ಐ ಸಾಮಾನ್ಯ. ಒಟ್ಟು ಅಂಕಿಗಿಂತ ಎರಡು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, ಅದು ಶೇ. 10–15 ದಾಟಬಾರದು.

ನೀರಿಲ್ಲದೆ ಮಾತ್ರ ಎಂಜಿನ್ ಓಡಿಸಬೇಡಿ, ನೀರಿನ ಪಂಪ್‌ನ ರಬ್ಬರ್ ಇಂಪೆಲ್ಲರ್ ನೋಡನೋಡುತ್ತಲೇ ಹಾಳಾಗುತ್ತದೆ. ಡ್ರಮ್‌ನಲ್ಲಿ ಮುಳುಗಿಸಿ ನೋಡಿ.

ಸೂಜಿವಾಲ್ವ್

"ಚೋಕ್ ಅರ್ಧ ಎಳೆದರೆ ಮಾತ್ರ ಐಡ್ಲಿಂಗ್" ಅಂತ ನೀವೇ ಬರೆದಿದ್ದೀರಿ. ಅದರಲ್ಲೇ ಮುಕ್ಕಾಲು ಉತ್ತರ ಇದೆ. ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್. ಅದರ ತೂತು ಕೂದಲಿನಷ್ಟು, ನಿಂತ ಪೆಟ್ರೋಲ್ ಆವಿಯಾಗಿ ಉಳಿದ ಅಂಟು ಮೊದಲು ಮುಚ್ಚುವುದು ಅದನ್ನೇ. ಮೇನ್ ಜೆಟ್ ತೂತು ದೊಡ್ಡದು, ಹಾಗಾಗಿ ಫುಲ್ ರೇಸ್‌ನಲ್ಲಿ ಏನೂ ಗೊತ್ತಾಗುವುದಿಲ್ಲ.

ಕಾರ್ಬೊರೇಟರ್ ಇಳಿಸುವ ಮುಂಚೆ ಪೈಲಟ್ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತಿಗೆ ತಳ ಮುಟ್ಟಿತು ಅಂತ ಬರೆದಿಟ್ಟುಕೊಳ್ಳಿ. ಬಲ ಹಾಕಿದರೆ ಸ್ಕ್ರೂವಿನ ಚೂಪು ತುದಿ ಕೆಟ್ಟು ಮತ್ತೆಂದೂ ಸರಿಯಾಗಿ ಟ್ಯೂನ್ ಆಗುವುದಿಲ್ಲ. ಕಾರ್ಬೊರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಬಿಚ್ಚಿ, ಅದರಲ್ಲಿದ್ದ ಪೆಟ್ರೋಲನ್ನು ಚೆಲ್ಲದೆ ಗಾಜಿನ ಲೋಟಕ್ಕೆ ಹಾಕಿ: ತಳದಲ್ಲಿ ಗುಂಡು ಗುಂಡಾಗಿ ಹೊರಳುವುದು ನೀರು. ಜೆಟ್‌ಗಳನ್ನು ತೆಗೆಯುವಾಗ ಅಂಚಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರೇ ಬೇಕು, ಹಿತ್ತಾಳೆ ಬೇಗ ಕಿತ್ತುಹೋಗುತ್ತದೆ. ರಬ್ಬರ್, ಪ್ಲಾಸ್ಟಿಕ್ ಭಾಗಗಳನ್ನೆಲ್ಲ ಮೊದಲು ತೆಗೆದಿಟ್ಟು ಆಮೇಲೆ ಕ್ಲೀನರ್ ಹೊಡೆಯಿರಿ. ಉಕ್ಕಿನ ತಂತಿ ಬೇಡವೇ ಬೇಡ. ವಿದ್ಯುತ್ ವೈರ್‌ನೊಳಗಿನ ತಾಮ್ರದ ಒಂದೇ ಎಳೆ ಸಾಕು. ಬೆಳಕಿಗೆ ಹಿಡಿದರೆ ತೂತು ಪೂರ್ತಿ ದುಂಡಗೆ ಕಾಣಬೇಕು. ಥ್ರಾಟಲ್ ತಟ್ಟೆಯ ಅಂಚಿನ ಬಳಿ ಕಾರ್ಬೊರೇಟರ್ ಗೋಡೆಯಲ್ಲಿ ಎರಡು ಮೂರು ಸಣ್ಣ ತೂತುಗಳಿರುತ್ತವೆ, ಅನೇಕರು ಅವನ್ನು ಮರೆಯುತ್ತಾರೆ. ಪೈಲಟ್ ಸ್ಕ್ರೂ ತೂತಿನಿಂದ ಕ್ಲೀನರ್ ಹೊಡೆದರೆ ಅದು ಅಲ್ಲಿಂದ ಚಿಮ್ಮಬೇಕು. ಕಣ್ಣಿಗೆ ಕನ್ನಡಕ ಇರಲಿ.

ಮ್ಯಾಗ್ನೆಟೊ

ಕಾರ್ಬೊರೇಟರ್ ಬಗ್ಗೆ ಒಪ್ಪುತ್ತೇನೆ, ಆದರೆ ಬಿಸಿಯಲ್ಲಿ ಒಂದೇ ಎಳೆತಕ್ಕೆ ಹತ್ತುತ್ತದೆ ಅಂದ ಮಾತ್ರಕ್ಕೆ ಇಗ್ನಿಷನ್ ಕೈಬಿಡಬೇಡಿ. ಈ ಎಂಜಿನ್‌ಗಳ ಸಿಡಿಐಗೆ (ಕಿಡಿ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಬ್ಯಾಟರಿ ಇಲ್ಲ, ಫ್ಲೈವೀಲ್ ತಿರುಗುವ ವೇಗವೇ ವೋಲ್ಟೇಜ್. ಚಾರ್ಜ್ ಕಾಯಿಲ್ ದುರ್ಬಲವಾಗಿದ್ದರೆ ಹಗ್ಗದ ವೇಗದಲ್ಲಿ ಕಿಡಿ ಮಂಕು, ಎಂಜಿನ್ ಓಡುವಾಗ ಸಲೀಸು. ಬಿಸಿ ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನೇ ಆವಿಯಾಗುವುದರಿಂದ ಮಂಕು ಕಿಡಿಯೂ ಸಾಕಾಗುತ್ತದೆ. ಲಕ್ಷಣ ಎರಡರಲ್ಲೂ ಒಂದೇ ಥರ ಕಾಣುತ್ತದೆ.

ಪ್ಲಗ್ಗನ್ನು ಬ್ಲಾಕ್‌ಗೆ ತಾಗಿಸಿ ನೋಡುವುದು ಅರ್ಧ ಪರೀಕ್ಷೆ ಅಷ್ಟೇ. ಗಾಳಿಯಲ್ಲಿ 1 ಮಿ.ಮೀ ಹಾರುವ ಕಿಡಿ ಕಂಪ್ರೆಷನ್ ಒತ್ತಡದಲ್ಲಿ ಹಾರದೇ ಇರಬಹುದು. ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್‌ನಲ್ಲಿ 6–7 ಮಿ.ಮೀ ಇಟ್ಟು ಎಳೆಯಿರಿ. ನೀಲಿ ಕಿಡಿ ಚಟಚಟ ಅಂದರೆ ಇಗ್ನಿಷನ್ ಚೆನ್ನಾಗಿದೆ. ಪ್ಲಗ್ ತೂತುಗಳಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ, ಟೆಸ್ಟರ್ ದೂರ ಇಡಿ.

ಕಿಡಿ ಇಲ್ಲವೇ ಇಲ್ಲ ಅಂದರೆ ಸ್ಟಾಪ್ ಸ್ವಿಚ್‌ನ ವೈರ್ ಕಳಚಿ ಮತ್ತೆ ಎಳೆಯಿರಿ. ಕಿಡಿ ಬಂದರೆ ಸ್ವಿಚ್ಚೇ ಒಳಗೆ ಶಾರ್ಟ್. ಉಪ್ಪುನೀರಿನಲ್ಲಿ ಓಡುವ ಎಂಜಿನ್‌ಗಳಲ್ಲಿ ಇದು ಅಪರೂಪವಲ್ಲ. ಹಾಗೆ ಕಳಚಿದಾಗ ಎಂಜಿನ್ ಹತ್ತಿಬಿಟ್ಟರೆ ಚೋಕ್ ಎಳೆದು ಆಫ್ ಮಾಡಬೇಕಾಗುತ್ತದೆ, ನೆನಪಿರಲಿ.

ತೇಲುಮರ

ಎಲ್ಲ ನೋಡಿದೆ. ಐದಾರು ಎಳೆತದ ನಂತರ ಎರಡೂ ಪ್ಲಗ್ ಒಣಗಿವೆ. ಟೆಸ್ಟರ್‌ನಲ್ಲಿ 6 ಮಿ.ಮೀಗೆ ಎರಡರಲ್ಲೂ ನೀಲಿ ಕಿಡಿ. ಕಂಪ್ರೆಷನ್ 105, 100. ಬೌಲ್‌ನ ಪೆಟ್ರೋಲ್‌ನಲ್ಲಿ ನೀರಿನ ಹನಿ ಇದೆ. ಬಲ್ಬ್ ಗಟ್ಟಿಯಾಗುತ್ತದೆ, ಆದರೆ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ. ಹೊರಗೆ ಎಲ್ಲೂ ಸೋರಿಕೆ ಕಾಣುತ್ತಿಲ್ಲ.

ಸೂಜಿವಾಲ್ವ್

ಹಾಗಾದರೆ ಕಾಯಿಲ್ ಮಾತು ಬಿಡಿ. ನಿಮ್ಮಲ್ಲಿ ಎರಡು ತೊಂದರೆ ಜೊತೆಗಿವೆ: ಪೈಲಟ್ ಜೆಟ್ ಕಟ್ಟಿದೆ, ಪೈಪ್‌ಲೈನ್ ಒತ್ತಡ ಹಿಡಿಯುತ್ತಿಲ್ಲ.

ಬಲ್ಬ್ ಪರೀಕ್ಷೆ ಹೀಗೆ: ಎಂಜಿನ್ ಕಡೆಯ ಕನೆಕ್ಟರ್ ಕಳಚಿ. ಕಳಚಿದಾಗ ಅದರೊಳಗಿನ ವಾಲ್ವ್ ಮುಚ್ಚಿಕೊಳ್ಳುತ್ತದೆ. ಈಗ ಬಲ್ಬ್ ಒತ್ತಿ ಗಟ್ಟಿ ಮಾಡಿ ಕಾಯಿರಿ. ಗಟ್ಟಿಯಾಗೇ ಉಳಿದರೆ ಪೈಪ್ ಸರಿ ಇದೆ, ತೊಂದರೆ ಕನೆಕ್ಟರ್ ಕೂರುವ ಜಾಗದಲ್ಲಿ ಅಥವಾ ಎಂಜಿನ್ ಒಳಗೆ. ಈಗಲೂ ಮೆತ್ತಗಾದರೆ, ಹೊರಗೆ ತೇವ ಕಾಣದಿದ್ದರೆ, ಬಲ್ಬ್‌ನ ಟ್ಯಾಂಕ್ ಕಡೆಯ ವಾಲ್ವ್ ಹಿಂದಕ್ಕೆ ಬಿಡುತ್ತಿದೆ. ಬಲ್ಬ್ ಬದಲಿಸಿ, ಬಾಣ ಎಂಜಿನ್ ಕಡೆಗಿರಲಿ.

ಕನೆಕ್ಟರ್‌ನ ಓ-ರಿಂಗ್ ಸವೆದಿದ್ದರೆ ಇನ್ನೊಂದು ವಿಚಿತ್ರ: ಪಂಪ್ ಎಳೆಯುವಾಗ ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲ್ ಹೊರಗೆ ಬರುವುದಿಲ್ಲ. ಅದಕ್ಕೇ ಕಣ್ಣಿಗೆ ಸೋರಿಕೆ ಸಿಗುವುದಿಲ್ಲ. ಬೌಲ್ ಖಾಲಿ ಇದ್ದರೆ ಹಗ್ಗದ ವೇಗದಲ್ಲಿ ಡಯಾಫ್ರಾಂ ಪಂಪ್ ಅದನ್ನು ತುಂಬಿಸುವಷ್ಟರಲ್ಲಿ ನಿಮ್ಮ ಕೈ ಸೋತಿರುತ್ತದೆ.

ನೀರಿಗೆ ಕಾರಣ ಟ್ಯಾಂಕ್. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ, ಹಿಡಿದಿಡಲಾಗದಷ್ಟಾದಾಗ ನೀರೂ ಎಥನಾಲೂ ಸೇರಿ ತಳಕ್ಕೆ ಇಳಿಯುತ್ತವೆ, ಟ್ಯಾಂಕ್‌ನ ಪೈಪ್ ಹೀರುವುದೂ ತಳದಿಂದಲೇ. ಹಾಗೆ ಬೇರ್ಪಟ್ಟದ್ದನ್ನು ಸೋಸಿ ಉಳಿಸುವ ಲೆಕ್ಕಾಚಾರ ಬೇಡ, ಪೂರ್ತಿ ಖಾಲಿ ಮಾಡಿ. ಹೊಸದಾಗಿ 10 ಲೀಟರ್‌ಗೆ 200 ಮಿ.ಲೀ ಟಿಸಿ-ಡಬ್ಲ್ಯೂ3 (ಔಟ್‌ಬೋರ್ಡ್ ಟೂ-ಸ್ಟ್ರೋಕ್‌ಗಳ ದರ್ಜೆ) ಆಯಿಲ್. ಮೊದಲು ಅರ್ಧ ಪೆಟ್ರೋಲ್, ಆಮೇಲೆ ಆಯಿಲ್, ಕುಲುಕಿ, ಉಳಿದ ಪೆಟ್ರೋಲ್.

ಎಲ್ಲ ಜೋಡಿಸಿದ ಮೇಲೆ ಪೈಲಟ್ ಸ್ಕ್ರೂ ಬರೆದಿಟ್ಟ ಸುತ್ತಿಗೇ ಇಡಿ. ಎಂಜಿನ್ ಚೆನ್ನಾಗಿ ಬಿಸಿಯಾದ ನಂತರ ಐಡ್ಲಿಂಗ್‌ನಲ್ಲಿ ಸ್ವಲ್ಪ ಸ್ವಲ್ಪವೇ ಒಳಗೆ ತಿರುಗಿಸಿ ತಡವರಿಸುವ ಜಾಗ ನೋಡಿ, ಹೊರಗೆ ತಿರುಗಿಸಿ ತಡವರಿಸುವ ಜಾಗ ನೋಡಿ, ನಡುವೆ ನಿಲ್ಲಿಸಿ. ಆಮೇಲೆ ಪೆಟ್ರೋಲ್ ಹೆಚ್ಚಾಗುವ ಕಡೆಗೆ 1/8 ಸುತ್ತು. ತೀರಾ ಲೀನ್ (ಪೆಟ್ರೋಲ್ ಕಡಿಮೆ) ಇಟ್ಟರೆ ಮರುದಿನ ಬೆಳಿಗ್ಗೆ ಮತ್ತೆ ಇದೇ ಗೋಳು.

ತೇಲುಮರ

ಕನೆಕ್ಟರ್ ಕಳಚಿದರೆ ಬಲ್ಬ್ ಗಟ್ಟಿಯಾಗೇ ಉಳಿಯಿತು. ಓ-ರಿಂಗ್ ಚಪ್ಪಟೆಯಾಗಿದೆ. ನಲ್ಲಿಗೆ ಹಾಕುವ ಓ-ರಿಂಗ್ ಅದೇ ಅಳತೆಯಲ್ಲಿ ಮನೆಯಲ್ಲಿದೆ, ನಡೆಯುತ್ತದಾ ಸರ್?

ಮ್ಯಾಗ್ನೆಟೊ

ಹಾಕಬೇಡಿ. ನಲ್ಲಿಯ ಓ-ರಿಂಗ್ ಹೆಚ್ಚಾಗಿ ಇಪಿಡಿಎಂ ರಬ್ಬರ್, ಪೆಟ್ರೋಲ್ ತಾಗಿದರೆ ಉಬ್ಬಿಹೋಗುತ್ತದೆ. ವಿಟಾನ್ ಕೇಳಿ, ಸಿಗದಿದ್ದರೆ ನೈಟ್ರೈಲ್. ಹಾಕುವಾಗ ಟೂ-ಸ್ಟ್ರೋಕ್ ಆಯಿಲ್ ಒಂದು ಹನಿ ಸವರಿ, ಒಣಗಿದ್ದನ್ನು ಹಾಗೇ ಒತ್ತಿದರೆ ಅಂಚು ಕತ್ತರಿಸುತ್ತದೆ. ಓ-ರಿಂಗ್ ಹಾಕಿದ ಮೇಲೂ ಬಲ್ಬ್ ಮೆತ್ತಗಾಗುತ್ತಿದ್ದರೆ ಕಾರ್ಬೊರೇಟರ್ ಬಾಯಲ್ಲಿ ಪೆಟ್ರೋಲ್ ಜಿನುಗುತ್ತಿದೆಯಾ ನೋಡಿ, ಆಗ ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಬದಲಿಸಬೇಕು.