ಸಿಂಗಾಪುರ, ವಿಯೆಟ್ನಾಂ ಪ್ರವಾಸಕ್ಕೆ ಯಾವ ಕಾರ್ಡ್ ಒಯ್ಯಬೇಕು?

ಕೇಶ್ವಾಪುರದಾಂವ

ಡಿಸೆಂಬರ್‌ದಾಗ ಮನಿಮಂದಿ ನಾಲ್ಕು ಜನ ಸಿಂಗಾಪುರಕ್ಕ ನಾಲ್ಕು ದಿನ, ಅಲ್ಲಿಂದ ವಿಯೆಟ್ನಾಂಕ್ಕ ಐದು ದಿನ ಹೊಂಟೇವಿ. ಇಬ್ಬರು ದೊಡ್ಡವರು, 15 ಮತ್ತು 11 ವರ್ಷದ ಇಬ್ಬರು ಮಕ್ಕಳು. ವಿಮಾನ ಬೆಂಗಳೂರಿನಿಂದ. ಟಿಕೆಟ್ ಆಗ್ಯಾವ. ಹೋಟೆಲ್ ನಾವೇ ಬುಕ್ ಮಾಡೇವಿ, ರೊಕ್ಕ ಅಲ್ಲೇ ಹೋಗಿ ಕೊಡೋದು. ಹೋಟೆಲ್ ಸೇರಿ ಅಲ್ಲಿನ ಖರ್ಚು ಎರಡು ಲಕ್ಷದ ಆಸುಪಾಸು ಆಗಬಹುದು.

ಈಗ ಕೈಯಾಗ ಇರೋದು ಒಂದು ವೀಸಾ ಡೆಬಿಟ್ ಕಾರ್ಡ್, ಒಂದು ಸಾದಾ ಕ್ರೆಡಿಟ್ ಕಾರ್ಡ್, ಒಂದು ರುಪೇ ಡೆಬಿಟ್ ಕಾರ್ಡ್. ಬ್ಯಾಂಕಿನವರು ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ಹಣ ತುಂಬಿಡೋ ಕಾರ್ಡ್) ತಗೋರಿ, ಅದರಾಗ ಮಾರ್ಕಪ್ಪೇ (ವಿನಿಮಯ ದರದ ಮ್ಯಾಲೆ ಬ್ಯಾಂಕು ಹಚ್ಚೋ ಶುಲ್ಕ) ಇಲ್ಲ ಅಂತಾರ. ಝೀರೋ ಫಾರೆಕ್ಸ್, ಅಂದ್ರ ಮಾರ್ಕಪ್ ಇಲ್ಲದ ಕ್ರೆಡಿಟ್ ಕಾರ್ಡ್ ಛಲೋ ಅಂತ ಇನ್ನೊಂದು ಕಡೆ ಓದೀನಿ. ಖರೇನ ಕಡಿಮಿ ಬೀಳೋದು ಯಾವುದು? ನಗದು ಎಷ್ಟು ಇಟ್ಕೋಬೇಕು? ವಿದೇಶಿ ಹಣ ಕೊಳ್ಳೋವಾಗಲೇ ಶೇ. 20 ಟಿಸಿಎಸ್ ಅನ್ನೋ ತೆರಿಗೆ ಹಿಡೀತಾರಂತ, ಅದು ನಮಗೂ ಬೀಳ್ತದೇನು?

ಸಪ್ತಾಪುರ ಬಾವಿ

ಟಿಸಿಎಸ್ ಮಾತು ಮೊದಲು ಮುಗಿಸೋಣ, ಅದರ ಚಿಂತಿ ನಿಮಗ ಬ್ಯಾಡ. 2025ರ ಏಪ್ರಿಲ್ 1ರಿಂದ ಪ್ರವಾಸದ ಖರ್ಚಿಗೆ ಕೊಳ್ಳುವ ವಿದೇಶಿ ಹಣಕ್ಕ ಒಬ್ಬರಿಗೆ ವರ್ಷಕ್ಕ 10 ಲಕ್ಷದ ತನಕ ಟಿಸಿಎಸ್ ಇಲ್ಲ. ಮೊದಲು ಈ ಮಿತಿ 7 ಲಕ್ಷ ಇತ್ತು. ಟೂರ್ ಪ್ಯಾಕೇಜ್ ಕೊಂಡಿದ್ರ ಮಾತು ಬೇರೆ, ಅಲ್ಲಿ ಮೊದಲ ರೂಪಾಯಿಯಿಂದಲೇ ಹಿಡೀತಾರ. ನೀವು ಸ್ವತಃ ಬುಕ್ ಮಾಡಿದ್ದಕ್ಕ ಆ ತ್ರಾಸ ಇಲ್ಲ. ವಿದೇಶದಾಗ ಹೋಗಿ ಕ್ರೆಡಿಟ್ ಕಾರ್ಡ್ ಉಜ್ಜಿದ್ದಂತೂ ಎಲ್‌ಆರ್‌ಎಸ್ (ಹೊರದೇಶಕ್ಕ ಹಣ ಕಳಿಸೋ ರಿಸರ್ವ್ ಬ್ಯಾಂಕಿನ ಯೋಜನೆ, ಈ ಟಿಸಿಎಸ್ ಬೀಳೋದು ಅದರ ಮ್ಯಾಲೆ) ಲೆಕ್ಕಕ್ಕೇ ಬರೋದಿಲ್ಲ, ಅದನ್ನ ಒಳಗ ತರೋ ತೀರ್ಮಾನವನ್ನ 2023ರ ಜೂನ್‌ದಾಗ ಸರ್ಕಾರ ಮುಂದೂಡೇದ.

ಇನ್ನ ಮುಖ್ಯ ಮಾತಿಗೆ ಬರೋಣ. "ಮಾರ್ಕಪ್ ಎಷ್ಟು" ಅಂತ ಬ್ಯಾಂಕಿನಾಗ ಕೇಳಬ್ಯಾಡ್ರಿ. "1,000 ಸಿಂಗಾಪುರ ಡಾಲರ್ ಖರ್ಚು ಮಾಡಿದ್ರ ನನ್ನ ಖಾತೆಯಿಂದ ಎಲ್ಲಾ ಸೇರಿ ಎಷ್ಟು ರೂಪಾಯಿ ಹೋಗ್ತದ" ಅಂತ ಕೇಳ್ರಿ. ಫಾರೆಕ್ಸ್ ಕಾರ್ಡಿನಾಗ ಉಜ್ಜೋ ಹೊತ್ತಿನಾಗ ಮಾರ್ಕಪ್ ಇರೋದಿಲ್ಲ ಅನ್ನೋದು ಖರೇ. ಆದ್ರ ನೀವು ರೊಕ್ಕ ತುಂಬೋ ದಿನ ಅವರು ಹಚ್ಚೋ ದರದಾಗನ ಅವರ ಲಾಭ ಕೂತಿರ್ತದ.

ಲೆಕ್ಕ ಮಾಡಿ ನೋಡ್ರಿ. ಆ ದಿನದ ಮಾರುಕಟ್ಟೆ ದರ ಒಂದು ಸಿಂಗಾಪುರ ಡಾಲರಿಗೆ 70 ರೂಪಾಯಿ ಅಂತ ಇಟ್ಕೋರಿ. 1,000 ಡಾಲರಿನ ಅಸಲು 70,000.

ಸಾದಾ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿಗೆ ಸಾಮಾನ್ಯವಾಗಿ ಶೇ. 3.5 ಮಾರ್ಕಪ್. ಅದು 2,450. ಅದರ ಮ್ಯಾಲೆ ಶೇ. 18 ಜಿಎಸ್‌ಟಿ 441. ಒಟ್ಟು 72,891. ಅಂದ್ರ ನಿಮಗ ಬೀಳೋದು ಶೇ. 4.13, 3.5 ಅಲ್ಲ.

ಫಾರೆಕ್ಸ್ ಕಾರ್ಡಿಗೆ ಬ್ಯಾಂಕು ಅವತ್ತು 71.40 ದರ ಹೇಳ್ತು ಅಂದ್ರ 71,400. ಹಣ ಬದಲಿಸಿದ್ದಕ್ಕ ಜಿಎಸ್‌ಟಿ ಬೇರೆ ಅದ: ಒಂದು ಲಕ್ಷದ ತನಕ ಮೊತ್ತದ ಶೇ. 1ನ್ನ ತೆರಿಗೆಯ ಮೌಲ್ಯ ಅಂತ ಹಿಡಿದು ಅದರ ಶೇ. 18, ಕನಿಷ್ಠ 45 ರೂಪಾಯಿ. ಇಲ್ಲಿ 129 ಆಗ್ತದ. ಕಾರ್ಡ್ ಕೊಡೋ ಶುಲ್ಕ 300 ಅಂತ ಹಿಡಿದ್ರ ಜಿಎಸ್‌ಟಿ ಸೇರಿ 354. ಎಲ್ಲಾ ಕೂಡಿ 71,883. "ಮಾರ್ಕಪ್ ಇಲ್ಲ" ಅಂದ ಕಾರ್ಡಿಗೂ 1,883 ಹೋತು. ಶುಲ್ಕ ಮಾಫ್ ಮಾಡಿ ದರವನ್ನೂ 70.70ಕ್ಕ ಇಳಿಸಿದ್ರ ಅದು ಛಲೋ ವ್ಯವಹಾರ. ಕೇಳಿದ್ರ ದರ ಇಳಿಸ್ತಾರ, ಕೇಳಲಿಕ್ಕೆ ಸಂಕೋಚ ಮಾಡಬ್ಯಾಡ್ರಿ.

ಝೀರೋ ಮಾರ್ಕಪ್ ಕ್ರೆಡಿಟ್ ಕಾರ್ಡಿನಾಗ ವೀಸಾ ಅಥವಾ ಮಾಸ್ಟರ್‌ಕಾರ್ಡಿನ ಆ ದಿನದ ದರವೇ ಬೀಳ್ತದ. ಅದು ಮಾರುಕಟ್ಟೆ ದರಕ್ಕಿಂತ ಸಾಮಾನ್ಯವಾಗಿ ಪೈಸೆಗಳ ಲೆಕ್ಕದಾಗ ಹೆಚ್ಚು, 70.20 ಅಂದ್ರ 70,200. ಫೆಡರಲ್ ಬ್ಯಾಂಕಿನ ಸ್ಕೇಪಿಯಾ, ಆರ್‌ಬಿಎಲ್‌ನ ವರ್ಲ್ಡ್ ಸಫಾರಿ ಈ ಜಾತಿಯವು. ವರ್ಲ್ಡ್ ಸಫಾರಿಗೆ ವಾರ್ಷಿಕ ಶುಲ್ಕ ಅದ, ಎರಡು ಲಕ್ಷದ ಒಂದೇ ಪ್ರವಾಸಕ್ಕ ಅದನ್ನೂ ಲೆಕ್ಕಕ್ಕ ಹಿಡೀರಿ. ಅರ್ಜಿ ಹಾಕೋ ದಿನ ಶುಲ್ಕದ ಪಟ್ಟಿಯೊಳಗ ವಿದೇಶಿ ವಿನಿಮಯದ ಸಾಲು ಹುಡುಕಿ ಓದ್ರಿ, ಜಾಹೀರಾತು ನಂಬಬ್ಯಾಡ್ರಿ. ವೀಸಾ, ಮಾಸ್ಟರ್‌ಕಾರ್ಡ್ ಎರಡೂ ತಮ್ಮ ಜಾಲತಾಣದಾಗ ದರದ ಕ್ಯಾಲ್ಕುಲೇಟರ್ ಇಟ್ಟಾರ. "ಬ್ಯಾಂಕ್ ಶುಲ್ಕ" ಅನ್ನೋ ಕಡೆ 0 ಹಾಕಿ ಒಮ್ಮೆ, 4.13 ಹಾಕಿ ಒಮ್ಮೆ ನೋಡ್ರಿ, ಫರಕ್ ಕಣ್ಣಿಗೆ ಕಾಣ್ತದ.

ನಿಮ್ಮ ಪ್ರವಾಸಕ್ಕ ಫಾರೆಕ್ಸ್ ಕಾರ್ಡ್ ಹೊಂದೋದಿಲ್ಲ ಅನ್ನಲಿಕ್ಕೆ ಇನ್ನೊಂದು ಕಾರಣ ಅದ. ಸಿಂಗಾಪುರ ಡಾಲರ್ ಬಹುತೇಕ ಕಾರ್ಡಿನಾಗ ತುಂಬಬಹುದು, ವಿಯೆಟ್ನಾಂ ಡಾಂಗ್ ಸಾಮಾನ್ಯವಾಗಿ ಸಿಗೋದಿಲ್ಲ. ಅಮೆರಿಕನ್ ಡಾಲರ್ ತುಂಬಿ ಹನೋಯ್‌ದಾಗ ಉಜ್ಜಿದ್ರ ಡಾಲರಿನಿಂದ ಡಾಂಗ್‌ಗೆ ಬದಲಿಸಲಿಕ್ಕೆ ಮತ್ತ ಕ್ರಾಸ್ ಕರೆನ್ಸಿ ಶುಲ್ಕ. ತುಂಬೋವಾಗ ಒಮ್ಮೆ, ಉಜ್ಜೋವಾಗ ಒಮ್ಮೆ, ಎರಡು ಕಡೆ ಕಡಿತ.

ನನ್ನ ಪ್ರಕಾರ: ಝೀರೋ ಮಾರ್ಕಪ್ ಕ್ರೆಡಿಟ್ ಕಾರ್ಡಿಗೆ ಇವತ್ತೇ ಅರ್ಜಿ ಹಾಕ್ರಿ. ಕಾರ್ಡ್ ಕೈಗೆ ಬಂದ ಮ್ಯಾಲೆ ಮಿತಿ ನೋಡ್ರಿ. ಹೊಸ ಕಾರ್ಡಿಗೆ 40-50 ಸಾವಿರದ ಮಿತಿ ಕೊಟ್ರ ಹೋಟೆಲ್ ಬಿಲ್ಲಿಗೇ ಮುಗೀತದ. ಮುಂಗಡ ರೊಕ್ಕ ಕಟ್ಟಿದ್ರ ಖರ್ಚಿನ ಮಿತಿ ಏರ್ತದೋ ಇಲ್ಲೋ ಅಂತ ಬ್ಯಾಂಕಿಗೆ ಕೇಳಿಕೊಂಡು ಹೊರಡ್ರಿ.

ಬೆಟಗೇರಿ ಮಗ್ಗ

ಮ್ಯಾಲಿನವರ ಲೆಕ್ಕ ಸರಿ ಐತಿ. ನಾ ನಗದು, ಎಟಿಎಂ ಬಗ್ಗೆ ಹೇಳ್ತೀನಿ, ಯಾಕಂದ್ರ ವಿಯೆಟ್ನಾಂದಾಗ ಕಾರ್ಡ್ ನಡಿಯೋದು ಹೋಟೆಲ್, ಮಾಲ್, ದೊಡ್ಡ ರೆಸ್ಟೋರೆಂಟ್‌ನ್ಯಾಗ. ಫುಟ್‌ಪಾತಿನ ಊಟ, ಸಂತಿ, ಸಣ್ಣ ಅಂಗಡಿ, ಎಲ್ಲಾ ನೋಟು.

ಕ್ರೆಡಿಟ್ ಕಾರ್ಡಿನಿಂದ ಎಟಿಎಂನ್ಯಾಗ ರೊಕ್ಕ ತಗೀಬ್ಯಾಡ್ರಿ. ಝೀರೋ ಮಾರ್ಕಪ್ ಇದ್ರೂ ನಗದು ತಗದ್ರ ಸಾಮಾನ್ಯವಾಗಿ ಶೇ. 2.5ರ ಸುತ್ತಮುತ್ತ ಶುಲ್ಕ ಐತಿ, ಅದಕ್ಕ ಕನಿಷ್ಠ ಮೊತ್ತನೂ ಐತಿ, ಮ್ಯಾಲೆ ತಗದ ದಿನದಿಂದಲೇ ಬಡ್ಡಿ. ಖರೀದಿಗೆ ಸಿಗೋ ಬಡ್ಡಿರಹಿತ ಅವಧಿ ಇದಕ್ಕಿಲ್ಲ.

ಸಾದಾ ಡೆಬಿಟ್ ಕಾರ್ಡೂ ಅಲ್ಲಿ ಸಣ್ಣ ಮೊತ್ತಕ್ಕ ದುಬಾರಿ. ವಿಯೆಟ್ನಾಂನ ಬಹಳಷ್ಟು ಎಟಿಎಂಗಳು ಒಂದು ಸಲಕ್ಕ 20ರಿಂದ 50 ಲಕ್ಷ ಡಾಂಗ್ ಅಷ್ಟ ಕೊಡ್ತಾವು. 20 ಲಕ್ಷ ಡಾಂಗ್ ಅಂದ್ರ ಸುಮಾರು 7,000 ರೂಪಾಯಿ. ಅದಕ್ಕ ಶೇ. 3.5 ಮಾರ್ಕಪ್ 245, ನಮ್ಮ ಬ್ಯಾಂಕಿನ ಸಲಕ್ಕಿಷ್ಟು ಅನ್ನೋ ಶುಲ್ಕ 150 ಅಂತ ಹಿಡೀರಿ, ಎರಡರ ಮ್ಯಾಲೆ ಜಿಎಸ್‌ಟಿ 71. ಒಟ್ಟು 466, ಹತ್ರಹತ್ರ ಶೇ. 6.7. ಅಲ್ಲಿನ ಎಟಿಎಂನವರ ಶುಲ್ಕ ಇದ್ರ ಅದು ಬ್ಯಾರೆ. ನಾಲ್ಕು ಸಲ ತಗದ್ರ ನಾಲ್ಕು ಸಲ ಆ 150.

ಅದಕ್ಕ ಇಲ್ಲಿಂದಲೇ 350-400 ಅಮೆರಿಕನ್ ಡಾಲರ್ ನೋಟು ಒಯ್ಯೋದು ಛಲೋ. 100 ಡಾಲರಿನ ಹೊಸ ನೋಟನ್ನ ಕೇಳಿ ತಗೋರಿ. ಮಡಿಕಿ ಹರಿದದ್ದು, ಸಿಕ್ಕಾ ಒತ್ತಿದ್ದು, ಪೆನ್ನಿನ ಗೆರಿ ಇದ್ದದ್ದನ್ನ ಅಲ್ಲಿ ವಾಪಸ್ ಕೊಡ್ತಾರ, ಇಲ್ಲಂದ್ರ ದರ ಇಳಿಸ್ತಾರ. ಸಣ್ಣ ನೋಟಿಗೆ ದರನೂ ಕಡಿಮಿ. ಅಲ್ಲಿ ಬ್ಯಾಂಕು ಅಥವಾ ಪರವಾನಗಿ ಇದ್ದ ಕೌಂಟರ್‌ನ್ಯಾಗ ಬದಲಿಸ್ರಿ. ರೂಪಾಯಿ ಒಯ್ದು ಅಲ್ಲಿ ಬದಲಿಸೋ ವಿಚಾರ ಬಿಡ್ರಿ.

ಹುಬ್ಬಳ್ಳಿಯೊಳಗ ಎಲ್ಲಾ ಬ್ರಾಂಚಿನ್ಯಾಗೂ ಡಾಲರ್ ನೋಟು ಇರೂದಿಲ್ಲ, ವಿದೇಶಿ ವಿನಿಮಯ ಮಾಡೋ ಬ್ರಾಂಚು ಯಾವುದು ಅಂತ ಫೋನ್ ಮಾಡಿ ಕೇಳ್ರಿ, ನಾಲ್ಕು ದಿನ ಮೊದಲೇ ಹೇಳಿ ಇಡಸ್ರಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಬೇಕು. 50,000 ರೂಪಾಯಿ ಒಳಗಿದ್ರ ನಗದು ಕೊಟ್ಟು ಕೊಳ್ಳಬಹುದು, ದಾಟಿದ್ರ ಖಾತೆಯಿಂದನ ಕೊಡಬೇಕು. ನೋಟಿನ ರೂಪದಾಗ ಒಬ್ಬರಿಗೆ ಒಂದು ಪ್ರವಾಸಕ್ಕ 3,000 ಡಾಲರ್ ತನಕ ಸಿಗ್ತೈತಿ, ನಿಮಗ ಅಷ್ಟು ಬೇಕಾಗೂದಿಲ್ಲ. ಹುಬ್ಬಳ್ಳಿಯಿಂದ ರೈಲು ಹತ್ತಿ ಸೀದಾ ಬೆಂಗಳೂರು ವಿಮಾನ ನಿಲ್ದಾಣದ ಕೌಂಟರ್ ಮುಂದ ನಿಲ್ಲೋ ಹಂಗ ಮಾಡ್ಕೋಬ್ಯಾಡ್ರಿ. ಅವಸರದಾಗ ಇದ್ದವರಿಗೆ ಅಲ್ಲಿ ಕೆಟ್ಟ ದರ.

ಒಂದು ಎಚ್ಚರ. 5,00,000 ಡಾಂಗ್ ನೋಟು ನೀಲಿ, 20,000 ಡಾಂಗ್ ನೋಟೂ ನೀಲಿ. ಎರಡೂ ಪ್ಲಾಸ್ಟಿಕ್ ನೋಟು, ಎರಡರ ಮ್ಯಾಲೂ ಹೋ ಚಿ ಮಿನ್ ಚಿತ್ರ. ಒಂದು ಸುಮಾರು 1,700 ರೂಪಾಯಿ, ಇನ್ನೊಂದು 70 ರೂಪಾಯಿ. ರಾತ್ರಿ ಟ್ಯಾಕ್ಸಿಯೊಳಗ ಮಂದ ಬೆಳಕಿನ್ಯಾಗ ಅದಲುಬದಲು ಆಗೋದು ಇವೆರಡ. 5 ಲಕ್ಷದ ನೋಟನ್ನ ಪರ್ಸಿನ ಬ್ಯಾರೆ ಖಾನೆಯೊಳಗ ಇಡ್ರಿ, ಕೊಡೋ ಮುಂದ ಸೊನ್ನಿ ಎಣಿಸ್ರಿ.

ಉಳಿದ ಡಾಂಗ್ ವಾಪಸ್ ತರಬ್ಯಾಡ್ರಿ, ಇಲ್ಲಿ ಕೊಳ್ಳೋರು ಸಿಗೂದು ಕಷ್ಟ. ಡಾಲರ್ ಉಳಿದ್ರ ತೊಂದ್ರಿ ಇಲ್ಲ, 2,000 ಡಾಲರ್ ತನಕ ಮನಿಯಾಗ ಇಟ್ಕೋಬಹುದು. ಅದಕ್ಕಿಂತ ಹೆಚ್ಚಿದ್ರ ಬಂದ 180 ದಿನದಾಗ ವಾಪಸ್ ಮಾರಬೇಕು.

ಕೇಶ್ವಾಪುರದಾಂವ

ಇಬ್ಬರಿಗೂ ಭಾಳ ಉಪಕಾರ ಆತು. ಸಿಂಗಾಪುರದಾಗ ಮೆಟ್ರೋಕ್ಕ ಕ್ರೆಡಿಟ್ ಕಾರ್ಡನ್ನೇ ಟ್ಯಾಪ್ ಮಾಡಬಹುದು ಅಂತಾರ. ಒಂದ ಕಾರ್ಡಿನಾಗ ನಾಲ್ಕೂ ಮಂದಿ ಹೋಗಬಹುದೇನು? ರುಪೇ ಕಾರ್ಡ್, ಯುಪಿಐ ಕೆಲಸಕ್ಕ ಬರ್ತಾವೇನು?

ಹಾವೇರಿ ಏಲಕ್ಕಿ ಮಾಲೆ

ಒಂದು ಕಾರ್ಡಿಗೆ ಒಬ್ಬರೇ. ಒಳಗೆ ಹೋಗುವಾಗ ಯಾವುದನ್ನು ಟ್ಯಾಪ್ ಮಾಡಿದಿರೋ ಹೊರಗೆ ಬರುವಾಗಲೂ ಅದನ್ನೇ ಮಾಡಬೇಕು. ಫೋನಿಗೆ ಜೋಡಿಸಿದ ಕಾರ್ಡನ್ನೂ ಕೈಯಲ್ಲಿರುವ ಅದೇ ಕಾರ್ಡನ್ನೂ ಯಂತ್ರ ಬೇರೆ ಬೇರೆ ಎಂದೇ ಓದುತ್ತದೆ. ವಿದೇಶಿ ಬ್ಯಾಂಕಿನ ಕಾರ್ಡಿಗೆ ಬಳಸಿದ ಪ್ರತಿ ದಿನ 60 ಸೆಂಟ್ ಸೇವಾ ಶುಲ್ಕವಿದೆ. ಹೀಗಾಗಿ ದೊಡ್ಡವರು ತಮ್ಮ ತಮ್ಮ ಕಾರ್ಡ್ ಬಳಸಲಿ, ಮಕ್ಕಳಿಗೆ ನಿಲ್ದಾಣದಲ್ಲೇ ಈಝೀ-ಲಿಂಕ್ ಎಂಬ, ಹಣ ತುಂಬಿಸಿ ಬಳಸುವ ಪ್ರಯಾಣದ ಕಾರ್ಡ್ ಕೊಡಿಸಿ.

ರುಪೇ ಡೆಬಿಟ್ ಕಾರ್ಡ್ ಅಂತರರಾಷ್ಟ್ರೀಯ ಬಗೆಯದಾಗಿದ್ದರೆ ಮಾತ್ರ ನಡೆಯುತ್ತದೆ, ಅದೂ ಡಿಸ್ಕವರ್, ಡೈನರ್ಸ್ ಎಂಬ ಕಾರ್ಡ್ ಜಾಲಗಳ ಗುರುತು ಇರುವ ಕಡೆ. ಮೀಸಲಿಗೂ ಅದನ್ನು ನೆಚ್ಚಬೇಡಿ. ನಿಮ್ಮ ವೀಸಾ ಡೆಬಿಟ್ ಕಾರ್ಡೇ ಮೀಸಲಿಗಿರಲಿ. ಸಿಂಗಾಪುರದ ಕೆಲವು ಅಂಗಡಿಗಳಲ್ಲಿ ಯುಪಿಐ ಕ್ಯೂಆರ್ ನಡೆಯುತ್ತದೆ. ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಆಯ್ಕೆಯನ್ನು ಹೊರಡುವ ಮೊದಲೇ ತೆರೆದಿಡಿ. ವಿಯೆಟ್ನಾಂನಲ್ಲಿ ಯುಪಿಐ ನಂಬಿಕೊಂಡು ಹೋಗಬೇಡಿ.

ಯಾರೂ ಹೇಳದ ಒಂದು ಸಂಗತಿಯಿದೆ, ಝೀರೋ ಮಾರ್ಕಪ್ ಕಾರ್ಡಿನ ಉಳಿತಾಯವನ್ನೆಲ್ಲ ತಿಂದುಹಾಕುವುದು ಅದೇ. ಹೋಟೆಲಿನಲ್ಲಿ ಕಾರ್ಡ್ ಹಾಕಿದಾಗ ಯಂತ್ರದ ಪರದೆಯಲ್ಲಿ ಎರಡು ಮೊತ್ತ ಬರುತ್ತದೆ: ಒಂದು ಸಿಂಗಾಪುರ ಡಾಲರಿನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ರೂಪಾಯಿ ಕಂಡು ಸಮಾಧಾನವಾಗಿ ಅದನ್ನು ಒತ್ತುವವರೇ ಹೆಚ್ಚು. ಅದನ್ನು ಒತ್ತಿದರೆ ದರ ಹಾಕುವವರು ವೀಸಾದವರಲ್ಲ, ಆ ಅಂಗಡಿಯ ಯಂತ್ರದ ಹಿಂದಿರುವ ಕಂಪನಿ. ಆ ದರ ಸಾಮಾನ್ಯವಾಗಿ ಹಲವು ಶೇಕಡಾ ಹೆಚ್ಚು. ಮೇಲಾಗಿ ವಿದೇಶದಲ್ಲಿ ರೂಪಾಯಿಯಲ್ಲಿ ನಡೆದ ವ್ಯವಹಾರಕ್ಕೆಂದೇ ನಮ್ಮ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಯಾವಾಗಲೂ ಆಯಾ ದೇಶದ ಹಣವನ್ನೇ ಆರಿಸಿ. ಕೌಂಟರಿನವರು ಕೇಳದೇ ರೂಪಾಯಿ ಒತ್ತಿಬಿಟ್ಟಿದ್ದರೆ ಪಿನ್ ಹಾಕುವ ಮೊದಲು ರದ್ದು ಮಾಡಿಸಿ, ಮತ್ತೆ ಹಾಕಿಸಿ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ "ಡಿಕ್ಲೈನ್ ಕನ್ವರ್ಷನ್" ಒತ್ತಿದರೆ ಹಣ ಬರುವುದು ನಿಲ್ಲುವುದಿಲ್ಲ, ರೂಪಾಯಿಗೆ ಬದಲಿಸುವುದನ್ನಷ್ಟೇ ಬೇಡವೆಂದಂತೆ.

ಹೋಟೆಲಿನ ಠೇವಣಿಗೆ ಕ್ರೆಡಿಟ್ ಕಾರ್ಡೇ ಕೊಡಿ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ ಕೊಟ್ಟರೆ ನಿಮ್ಮ ಸ್ವಂತ ಹಣ ತಡೆಹಿಡಿದಿರುತ್ತದೆ, ಕೊಠಡಿ ಬಿಟ್ಟ ಮೇಲೂ ಬಿಡುಗಡೆಗೆ ವಾರಗಟ್ಟಲೆ ಹಿಡಿಯಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಅಷ್ಟು ದಿನ ಮಿತಿ ಕಡಿಮೆಯಾಗಿರುತ್ತದೆ, ಅಷ್ಟೇ.

2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ಭಾರತದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ಅಂತರರಾಷ್ಟ್ರೀಯ ಬಳಕೆಯನ್ನು ಆ್ಯಪ್‌ನಲ್ಲಿ ನೀವೇ ತೆರೆಯಬೇಕು: ಅಂಗಡಿ ಯಂತ್ರ, ಟ್ಯಾಪ್, ಆನ್‌ಲೈನ್, ಎಟಿಎಂ ನಾಲ್ಕಕ್ಕೂ ಬೇರೆ ಬೇರೆ ಗುಂಡಿ, ಬೇರೆ ಬೇರೆ ಮಿತಿ. ಕ್ರೆಡಿಟ್ ಕಾರ್ಡಿಗೆ ಎಟಿಎಂ ಮುಚ್ಚಿಯೇ ಇಡಿ. ಕಾರ್ಡ್ ನಡೆಯುತ್ತದೋ ಇಲ್ಲವೋ ಎಂದು ಇಲ್ಲಿಯೇ ಪರೀಕ್ಷಿಸುವ ದಾರಿಯೂ ಇದೆ. ವಿಯೆಟ್ನಾಂ ಇ-ವೀಸಾ ಒಬ್ಬರಿಗೆ 25 ಡಾಲರ್, ಅದನ್ನು ಹೇಗೂ ಆನ್‌ಲೈನಿನಲ್ಲಿ ಕಟ್ಟಬೇಕು. ಹೊಸ ಕಾರ್ಡಿನಿಂದಲೇ ಕಟ್ಟಿ, ಎರಡು ಮೂರು ದಿನ ಬಿಟ್ಟು ಸ್ಟೇಟ್‌ಮೆಂಟಿನಲ್ಲಿ ರೂಪಾಯಿ ಮೊತ್ತ ನೋಡಿ. ಮಾರ್ಕಪ್ ಸಾಲು ಬಂದಿದ್ದರೆ ಪ್ರವಾಸಕ್ಕೆ ಮೊದಲೇ ಗೊತ್ತಾಗುತ್ತದೆ.

ಕಾರ್ಡುಗಳನ್ನು ಒಂದೇ ಪರ್ಸಿನಲ್ಲಿ ಇಡಬೇಡಿ. ಕಳೆದರೆ ಆ್ಯಪ್‌ನಿಂದ ತಕ್ಷಣ ಬ್ಲಾಕ್ ಮಾಡಿ. ನಿಮ್ಮ ತಪ್ಪಿಲ್ಲದೆ ಹೊರಗಿನವರು ಮೋಸ ಮಾಡಿ ಹಣ ತೆಗೆದಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟಲ್ಲಿ ನಷ್ಟ ನಿಮ್ಮ ಮೇಲೆ ಬರುವುದಿಲ್ಲ, ರಿಸರ್ವ್ ಬ್ಯಾಂಕಿನ 2017ರ ನಿಯಮವಿದು. ಆ ಸಂದೇಶ ಸಿಗಬೇಕಾದರೆ ಸಿಮ್‌ನಲ್ಲಿ ರೋಮಿಂಗ್ ತೆರೆದಿರಬೇಕು. ಕಾರ್ಡಿನ ಹಿಂದಿರುವ 1800 ನಂಬರು ಹೊರದೇಶದಿಂದ ಸಾಮಾನ್ಯವಾಗಿ ಹತ್ತುವುದಿಲ್ಲ. +91ರಿಂದ ಶುರುವಾಗುವ ನಂಬರನ್ನು ಬ್ಯಾಂಕಿನ ಜಾಲತಾಣದಿಂದ ಕಾಗದದ ಮೇಲೆ ಬರೆದುಕೊಂಡು, ಕಾರ್ಡ್ ಇಲ್ಲದ ಬ್ಯಾಗಿನಲ್ಲಿ ಇಡಿ.