ಸಹಾಯ ಬೇಕು: ಫ್ಯಾನ್ ನಿಂತ ಕ್ಯಾಬಿನ್‌ನಲ್ಲಿ ಮಲಗಿದವನಿಗೆ ಎಚ್ಚರ ಆಗುತ್ತಾ?

ನಮ್ಮ ರೇಡಿಯೋ ನಾಟಕದಲ್ಲಿ ಬಾಹ್ಯಾಕಾಶ ನೌಕೆಯ ಕರೆಂಟ್ ಕಮ್ಮಿ ಆಗ್ತಾ ಇರುತ್ತೆ. ಮಲಗಿದ್ದ ಸಿಬ್ಬಂದಿಯೊಬ್ಬ ಕಾರಣ ಗೊತ್ತಾಗದೆ ಸಾಯ್ತಾನೆ. ಆ ಕಾರಣ ವಿಜ್ಞಾನಕ್ಕೆ ಒಪ್ಪಬೇಕು.

ಕರೆಂಟ್ ಉಳಿಸೋಕೆ ಮಲಗುವ ಕ್ಯಾಬಿನ್‌ಗಳ ಫ್ಯಾನ್ ಆರಿಸಿದ್ದಾರೆ. ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲೇರಲ್ಲ, ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಮುಖದ ಹತ್ತಿರವೇ ಉಳಿಯುತ್ತೆ. ಅದನ್ನ ಅಳೆಯೋ ಸೆನ್ಸರ್ ಇರೋದು ದೊಡ್ಡ ಕೋಣೆಯಲ್ಲಿ, ಹಾಗಾಗಿ ಅಲಾರಂ ಕೂಗಲ್ಲ. ಇಷ್ಟು ಗಟ್ಟಿಯಾಗಿದೆ.

1970ರ ಅಪೊಲೊ 13 ಬಾಹ್ಯಾಕಾಶ ನೌಕೆಯ ಅವಘಡ ಇಲ್ಲಿಗೆ ಹೊಂದಲ್ಲ. ಅಲ್ಲಿ ಫ್ಯಾನ್ ಓಡ್ತಿತ್ತು, ಸಾಲದೆ ಬಂದಿದ್ದು ಕಾರ್ಬನ್ ಡೈಆಕ್ಸೈಡ್ ಹೀರಿಕೊಳ್ಳೋ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿ.

ಸಿಕ್ಕಿಹಾಕಿಕೊಂಡಿರೋದು ಲೆಕ್ಕದಲ್ಲಿ. ಮಲಗಿದವನು ಗಂಟೆಗೆ 12–15 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡ್ತಾನೆ ಅಂದ್ರೆ, 2 ಘನ ಮೀಟರ್ ಮುಚ್ಚಿದ ಕ್ಯಾಬಿನ್ ಪೂರ್ತಿ 5% ಮುಟ್ಟೋಕೆ 7–8 ಗಂಟೆ ಬೇಕು. ಮುಖದ ಸುತ್ತ ಬೇಗ ಏರಬಹುದು, ಆದರೆ ಉಸಿರಾಟವೇ ಗಾಳಿ ಕಲಕುತ್ತೆ. ಮೇಲಾಗಿ 5% ಹತ್ತಿರ ಏದುಸಿರು, ತಲೆನೋವು ಬಂದು ಎಚ್ಚರ ಆಗ್ಬೇಕು. ಸತ್ತ ಮೇಲೆ ರಕ್ತ ಪರೀಕ್ಷೆಯೂ ನೆರವಾಗಲ್ಲ, ಸಾವಿನ ನಂತರ ಈ ಅನಿಲ ಹೇಗೂ ಏರುತ್ತೆ.

ಅರಿವಳಿಕೆ ಅಥವಾ ಶ್ವಾಸಕೋಶದ ವೈದ್ಯರು ಯಾರಾದ್ರೂ ಇದ್ದರೆ ದಯವಿಟ್ಟು ತಿಳಿಸಿ: ಆರೋಗ್ಯವಂತನೊಬ್ಬ ಎಚ್ಚರ ಆಗದೆ ಹೀಗೆ ಸಾಯೋದು ಸಾಧ್ಯನಾ, ಇಲ್ಲಾ ಉಸಿರಾಟ ಮಂದ ಮಾಡುವ ಔಷಧಿ ತಗೊಂಡಿದ್ದ ಅಂತ ಸೇರಿಸಲೇಬೇಕಾ?